ಆರೂವರೆ ಇಂಚಿನ ಗೇಣು

ಕಾಲಿಪರ್ ಇನ್ನೂ ಬಾಯಿ ತೆರೆದುಕೊಂಡೇ ಇತ್ತು.

ಸಾಮಾನಿನ ಹೊರಗಳತೆ ಹಿಡಿಯುವ ಬಾಗಿದ ಎರಡು ಉಕ್ಕಿನ ಕಾಲು, ನೆತ್ತಿಯಲ್ಲೊಂದು ತಿರುಪು. ಬಿಗಿದವರು ಎಂಥ ಬಿಗಿ ಬಿಗಿದಿದ್ದರೆಂದರೆ ಪುಟ್ಟಿ ಎರಡೂ ಕೈ ಹಾಕಿದರೂ ತಿರುಪು ಜಗ್ಗಲಿಲ್ಲ. ಕಾಲುಗಳ ನಡುವೆ ಏನೂ ಇಲ್ಲ. ಆದರೂ ಅದು ಏನನ್ನೋ ಹಿಡಿದುಕೊಂಡ ಹಾಗೆ ಬೆಂಚಿನ ಮೇಲೆ ಕೂತಿತ್ತು. ದೊಡ್ಡಪ್ಪ ಏಣಿಯಿಂದ ಬಿದ್ದು ತೀರಿಕೊಂಡು ಮೂರು ವಾರವಾಗಿತ್ತು, ಅವತ್ತಿನಿಂದ ಅದು ಹೀಗೇ ಇದೆ.

"ಬಿಡಮ್ಮ, ಅದರ ಜೊತೆ ಗುದ್ದಾಡ್ಬೇಡ," ಎಂದರು ಗುಲಗಂಜಿ ಮೇಡಂ. "ಸತ್ತೋರು ಬಿಗಿದಿಟ್ಟಿದ್ದನ್ನ ಸಡಿಲ ಮಾಡಿದ್ರೆ ಅವರು ಹೇಳ್ಬೇಕು ಅಂತಿದ್ದ ಮಾತೂ ಸಡಿಲ ಆಗೋಗತ್ತೆ."

ಮೇಡಂ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಗುಲಗಂಜಿಯಷ್ಟು ಕಡಿಮೆ ತೂಗಿದರೂ ಬಿಡುವುದಿಲ್ಲ ಎಂದು ಅಂಗಡಿಯವರು ಬೆನ್ನ ಹಿಂದೆ ಇಟ್ಟ ಹೆಸರು ಕೊನೆಗೆ ಅವರಿಗೇ ಇಷ್ಟವಾಗಿ, ನಿವೃತ್ತರಾದ ಮೇಲೂ ಅಂಟಿಕೊಂಡಿತ್ತು. ಪುಟ್ಟಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಮೇಡಂ ಕನ್ನಡಕಕ್ಕೆ ಗಾಜು ಹಾಕಿಕೊಟ್ಟ ಪರಿಚಯ ಈ ವರ್ಕ್‌ಶಾಪಿನ ತನಕ ಬಂದು ಮುಟ್ಟಿತ್ತು.

ಮಧ್ಯಾಹ್ನದ ಎರಡು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ತಗಡಿನ ಮಾಡು ಬಿಸಿಗೆ ಹಿಗ್ಗಿ ಟಿಕ್ ಎಂದು ಸದ್ದು ಮಾಡುತ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಮೇಲೆ ಅಟ್ಟದಲ್ಲಿ ಯಾರೋ ಒಂದೊಂದೇ ಹೆಜ್ಜೆ ಇಡುತ್ತಿದ್ದಾರೆ ಅನ್ನಿಸಿ ಪುಟ್ಟಿ ಎರಡು ಸಲ ತಲೆ ಎತ್ತಿ ನೋಡಿದಳು. ಅಟ್ಟ ಖಾಲಿ. ಏಣಿಯನ್ನು ಪೊಲೀಸರು ಗೋಡೆಗೆ ಒರಗಿಸಿ ಹೋದವರು ಮತ್ತೆ ಬಂದಿರಲಿಲ್ಲ.

ಬೆಂಚಿನ ಮೇಲೆ ಹದಿನಾಲ್ಕು ಹತಾರಗಳು ಸಾಲಾಗಿದ್ದವು. ಸಾಯುವ ಹಿಂದಿನ ದಿನ ದೊಡ್ಡಪ್ಪ ಬರೆದಿಟ್ಟ ಚೀಟಿಯಲ್ಲಿ ಮೂರೇ ಸಾಲು: ಪುಟ್ಟಿ, ವರ್ಕ್‌ಶಾಪು ನಿನಗೆ. ಇಲ್ಲಿಯ ಅಳತೆ ಹತಾರ ಒಂದೊಂದೂ ಏನೆಂದು ತಿಳಿದುಕೋ. ಅಲ್ಲಿಯತನಕ ಯಾರ ಕೈಗೂ ಬೀಗದ ಕೈ ಕೊಡಬೇಡ.

ಅಪ್ಪ ಅಮ್ಮ ಇಲ್ಲದ ತನ್ನನ್ನು ಎತ್ತಿ ಸಾಕಿದ ಮನೆ ಇದು. ಅಚ್ಚಿನ ಮೇಸ್ತ್ರಿ ಎಂದರೆ ಊರಿಗೇ ಗೊತ್ತಿದ್ದ ಮನುಷ್ಯ ದೊಡ್ಡಪ್ಪ. ಎರಕದವರು ಲೋಹ ಹೊಯ್ಯುವ ಮೊದಲು ಮರದಲ್ಲಿ ಅದೇ ಆಕಾರ ಕೆತ್ತಿಕೊಡುವುದು ಅವರ ಕಸುಬು. ಆ ಕಸುಬಿನ ಅನ್ನ ಉಂಡು ಬೆಳೆದವಳಿಗೆ ಅವರ ಹತಾರಗಳ ಹೆಸರೇ ಗೊತ್ತಿರಲಿಲ್ಲ. ಪುಟ್ಟಿಗೆ ಅದು ಈಗ ನಾಚಿಕೆಯಾಗುತ್ತಿತ್ತು.

ಹದಿಮೂರಕ್ಕೆ ಚೀಟಿ ಕಟ್ಟಿಯಾಗಿತ್ತು. ಬಾಚಣಿಗೆಯ ಹಲ್ಲಿನಂತಿದ್ದದ್ದು ತಿರುಪಿನ ಸುರುಳಿ ಗೆರೆ ಎಣಿಸುವುದಕ್ಕೆ. ಸುತ್ತಲೂ ಕಚ್ಚುಗಳಿದ್ದ ದುಂಡು ಬಿಲ್ಲೆ ತಂತಿಯ ದಪ್ಪ ನೋಡುವುದಕ್ಕೆ. ಚೂಪು ಬೆಣೆಯಂಥದ್ದನ್ನು ಸಂದಿಯಲ್ಲಿ ತೂರಿಸಿದರೆ ಸಂದಿ ಎಷ್ಟು ಅಗಲವೆಂದು ಅದರ ಬೆನ್ನಿನ ಗುರುತೇ ಹೇಳುತ್ತದೆ. ಕಾಲುಗಳು ಹೊರಕ್ಕೆ ತಿರುಗಿದ್ದ ಇನ್ನೊಂದು ಕಾಲಿಪರ್ ತೂತಿನ ಒಳಗಳತೆಗೆ. ಮೇಡಂ ಒಂದೊಂದನ್ನೂ ಮೂಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ಗುರುತು ಹೇಳಿದ್ದರು.

ಉಳಿದದ್ದು ಒಂದು ಮರದ ಸ್ಕೇಲು. ಹಳದಿ ಮರ, ತುದಿಗೆ ಹಿತ್ತಾಳೆ ಕಟ್ಟು, ಹನ್ನೆರಡು ಇಂಚು.

"ಇದರಲ್ಲಿ ಗುರುತಿಸೋದೇನಿದೆ ಮೇಡಂ? ಸ್ಕೇಲು ಅಂದ್ರೆ ಸ್ಕೇಲು."

ಮೇಡಂ ತಮ್ಮ ಚೀಲದಿಂದ ಇಲಾಖೆಯ ಕಾಲದ ಉಕ್ಕಿನ ಸ್ಕೇಲು ತೆಗೆದು ಪಕ್ಕದಲ್ಲಿಟ್ಟು ಎರಡರ ಎಡತುದಿ ಸಮ ಮಾಡಿದರು. ಒಂದರ ಗೆರೆ ಒಂದಕ್ಕೆ ಕೂತ ಹಾಗಿತ್ತು. ಮೂರರ ಹತ್ತಿರ ಏನೋ ಸರಿಯಿಲ್ಲ ಅನ್ನಿಸಿತು. ಆರಕ್ಕೆ ಬರುವಷ್ಟರಲ್ಲಿ ಗೆರೆಗೆ ಗೆರೆ ತಪ್ಪಿತ್ತು. ಹನ್ನೆರಡರಲ್ಲಿ ಮರದ ಸ್ಕೇಲು ಉಕ್ಕನ್ನು ದಾಟಿ ಒಂದೂವರೆ ನೂಲು ಮುಂದೆ ಹೋಗಿತ್ತು. ನೂಲು ಎಂದರೆ ಕಸುಬಿನವರ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಪಾಲು.

ನಲವತ್ತು ವರ್ಷ ದೊಡ್ಡಪ್ಪನ ಕೈಯಲ್ಲಿದ್ದ ಸ್ಕೇಲು, ಹಾಗಾದರೆ ಅಷ್ಟೂ ವರ್ಷ ಸುಳ್ಳು ಹೇಳಿತೇ?

"ಕಳ್ಳ ಸ್ಕೇಲಾ?"

"ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದ್ಕೊಂಡಿದ್ದೆ," ಮೇಡಂ ನಕ್ಕರು. "ಒಬ್ಬ ಎರಕದ ಮುದುಕಪ್ಪನ ಹತ್ರ ಇಂಥದ್ದೇ ಒಂದನ್ನ ಜಪ್ತಿ ಮಾಡಿ, ಕೇಸು ಬರೆದು, ಎದೆ ಉಬ್ಬಿಸ್ಕೊಂಡು ಸಾಹೇಬರ ಮುಂದೆ ಇಟ್ಟೆ. ಇಡೀ ಆಫೀಸು ಒಂದು ವಾರ ನನ್ನನ್ನ ನೋಡಿ ನಕ್ತು. ಇದು ಕುಗ್ಗು ಸ್ಕೇಲು ಕಣಮ್ಮ."

"ಅಂದ್ರೆ?"

"ಕಾದ ಹಿತ್ತಾಳೆ ಆರ್ತಾ ಆರ್ತಾ ಕುಗ್ಗತ್ತೆ. ಹನ್ನೆರಡು ಇಂಚಿಗೆ ಒಂದೂವರೆ ನೂಲು. ಅದಕ್ಕೆ ಅಚ್ಚು ಕೆತ್ತೋರು ಮೊದಲೇ ಅಷ್ಟು ದೊಡ್ಡದಾಗಿ ಕೆತ್ತಬೇಕು. ಪ್ರತಿ ಸಲ ಲೆಕ್ಕ ಹಾಕೋದು ಯಾರು? ಸ್ಕೇಲನ್ನೇ ಉದ್ದ ಮಾಡಿಟ್ಕೋತಾರೆ. ಇದರಲ್ಲಿ ಹನ್ನೆರಡು ಅಂತ ಅಳೆದು ಕೆತ್ತಿದ್ರೆ, ಎರಕ ಆರಿದ್ಮೇಲೆ ಸರಿಯಾಗಿ ಹನ್ನೆರಡಕ್ಕೆ ಬಂದು ನಿಲ್ಲತ್ತೆ."

ಪುಟ್ಟಿ ಹೂಂಗುಟ್ಟಿದಳು. ಹೂಂಗುಟ್ಟಿದ ಮೇಲೆ, ಗೋಡೆಯ ಗೂಟದಲ್ಲಿದ್ದ ಮರದ ಕೈಯ ಕಡೆ ತಿರುಗಿದಳು.

"ಮೇಡಂ, ಹಾಗಾದ್ರೆ ಮರದ ಅಚ್ಚು, ಅದರಿಂದ ಎರಕ ಹೊಯ್ದ ಹಿತ್ತಾಳೆ... ಎರಡೂ ಒಂದೇ ಅಳತೆ ಇರೋದಕ್ಕೆ ಸಾಧ್ಯವೇ ಇಲ್ವಾ?"

"ಸುತರಾಂ ಸಾಧ್ಯ ಇಲ್ಲ. ಯಾಕೆ?"

ಪುಟ್ಟಿ ಗೂಟದಿಂದ ಮರದ ಕೈಯನ್ನು ಇಳಿಸಿ ತಂದಳು.

ಅದು ಹನ್ನೊಂದು ವರ್ಷದ ಹುಡುಗನ ಅಂಗೈ. ಚಪ್ಪಟೆ, ಬೆರಳುಗಳನ್ನು ಅಗಲಿಸಿ ಗೇಣು ಹಾಕಿದ ಹಾಗೆ. ಇಪ್ಪತ್ತಾರು ವರ್ಷದ ಹಿಂದೆ ದೊಡ್ಡಪ್ಪ ಮಗನ ಕೈಯನ್ನು ಮರದಲ್ಲಿ ಕೆತ್ತಿ, ಅದರಿಂದ ಒಂದು ಹಿತ್ತಾಳೆ ಗೇಣು ಎರಕ ಹೊಯ್ದು, ನಿನ್ನ ಅಳತೆಗೋಲು ನಿನ್ನ ಹತ್ರಾನೇ ಇರಲಿ ಎಂದು ಅವನ ಕೊರಳಿಗೆ ಹಾಕಿದ್ದರು. ಅದೇ ತಿಂಗಳು ಹುಡುಗ ಹಿತ್ತಾಳೆ ಗೇಣಿನ ಸಮೇತ ಕಾಣೆಯಾದ. ಆಗ ಪುಟ್ಟಿಗೆ ಆರು ವರ್ಷ. ಮರದ ಕೈ ಗೂಟದಲ್ಲೇ ಉಳಿಯಿತು. ಚಿಕ್ಕವಳಿದ್ದಾಗ ಅದು ತನ್ನನ್ನು ಕರೆಯುತ್ತಿದೆ ಎಂದು ಹೆದರಿ ಪುಟ್ಟಿ ಆ ಗೋಡೆಯ ಕಡೆ ಹಾಯುತ್ತಲೇ ಇರಲಿಲ್ಲ.

ತಿಂಗಳ ಹಿಂದೆ ಒಬ್ಬ ಬಂದ. ಮೂವತ್ತೇಳರ ಪ್ರಾಯ, ಮೆತ್ತನೆ ಮಾತು. ನಾನೇ ನಿಮ್ಮ ಮಗ ಎಂದು ಕೊರಳಿನಿಂದ ಹಿತ್ತಾಳೆ ಗೇಣು ತೆಗೆದ. ದೊಡ್ಡಮ್ಮ ಅದನ್ನು ಮರದ ಕೈಯ ಮೇಲಿಟ್ಟರೆ ಬೆರಳಿಗೆ ಬೆರಳು, ತುದಿಗೆ ತುದಿ ಕೂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬೀದಿಯವರೆಲ್ಲ ಕಣ್ಣೊರೆಸಿಕೊಂಡರು. ದೊಡ್ಡಪ್ಪ ಮಾತ್ರ ಬಹಳ ಹೊತ್ತು ನೋಡಿ, ಏನೂ ಹೇಳದೆ ವರ್ಕ್‌ಶಾಪಿಗೆ ಎದ್ದು ಹೋದರು. ಆಮೇಲೆ ಮೂರನೇ ದಿನಕ್ಕೆ ಏಣಿಯಿಂದ ಬಿದ್ದರು.

ಪುಟ್ಟಿ ಅವನನ್ನು ಒಂದು ದಿನವೂ ಅಣ್ಣ ಎನ್ನಲಿಲ್ಲ. ಅವಳ ಮನಸ್ಸಿನಲ್ಲಿ ಅವನು ಬರೀ ಬಂದವನು.

ಮೇಡಂ ಮರದ ಕೈಯನ್ನು ತಿರುಗಿಸಿದರು. ಹಿಂಬದಿ ದೊಡ್ಡಪ್ಪನ ಪೆನ್ಸಿಲ್ ಬರಹವಿತ್ತು: ಮಗನ ಗೇಣು ಆರೂವರೆ. ಮೇಡಂ ಅಳೆದು ನೋಡಿದರು. ಕುಗ್ಗು ಸ್ಕೇಲಿನಲ್ಲಿ ಹೆಬ್ಬೆರಳಿನಿಂದ ಕಿರುಬೆರಳಿಗೆ ಸರಿಯಾಗಿ ಆರೂವರೆ. ಉಕ್ಕಿನ ಸ್ಕೇಲಿನಲ್ಲಿ ಆರೂವರೆಯ ಮೇಲೆ ಮುಕ್ಕಾಲು ನೂಲು ಹೆಚ್ಚು.

ಆಮೇಲೆ ಅವರು ಬಾಯಿ ತೆರೆದು ಕೂತಿದ್ದ ಕಾಲಿಪರಿನ ಎರಡು ತುದಿಗಳ ನಡುವೆ ಉಕ್ಕಿನ ಸ್ಕೇಲು ಹಿಡಿದರು.

"ಆರೂವರೆ," ಎಂದರು. "ಮರದ ಕೈ ಇದರ ಬಾಯಿಗೆ ಹಿಡಿಸಲ್ಲ. ನಿಜವಾದ ಹಿತ್ತಾಳೆ ಗೇಣು ಹಿಡಿಸ್ಬೇಕು. ನಿಮ್ಮ ದೊಡ್ಡಪ್ಪ ಬಂದವನ ಗೇಣನ್ನ ಇದರಲ್ಲಿ ತೂರಿಸಿ ನೋಡಿದಾರೆ. ಕೂತಿರಲ್ಲ. ಅದಕ್ಕೇ ಹೀಗೆ ಬಿಗಿದಿಟ್ಟು, ನಿನಗೆ ಚೀಟಿ ಬರೆದಿದಾರೆ."

"ಅವರಿಗೆ ಗೊತ್ತಾಗಿತ್ತು. ಅದಕ್ಕೇ ಅವನು..." ಪುಟ್ಟಿ ಗೋಡೆಗೆ ಒರಗಿದ್ದ ಏಣಿಯ ಕಡೆ ನೋಡಿದಳು. "ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ದೊಡ್ಡಮ್ಮ ಅವನ ಜೊತೆ ಅವನ ಊರಿಗೆ ಹೊರಟಿದಾಳೆ ಮೇಡಂ. ಒಬ್ಬಳೇ. ಪೆಟ್ಟಿಗೆ ಕಟ್ಟಿ ಆಗಿದೆ."

"ನಿಧಾನ. ಮೇಸ್ತ್ರಿ ಬಿದ್ದ ಹೊತ್ತಿಗೆ ಅವನು ಕಟಿಂಗ್ ಶಾಪಲ್ಲಿ ಮುಖಕ್ಕೆ ಸೋಪು ಹಚ್ಚಿಸ್ಕೊಂಡು ಕೂತಿದ್ದ. ಮೂವರು ಸಾಕ್ಷಿ ಇದಾರೆ. ಸೋಪಿನ ಮುಖದಲ್ಲಿ ಓಡಿ ಬಂದು ಏಣಿ ಎಳೆಯೋಕಾಗತ್ತಾ?"

ಮಾಡು ಮತ್ತೆ ಟಿಕ್ ಎಂದಿತು. ಅದರ ಹಿಂದೆಯೇ ಬಾಗಿಲಲ್ಲಿ ನೆರಳು ಬಿತ್ತು.

"ಅಮ್ಮ ಟೀ ಆಗಿದೆ ಅಂದ್ರು," ಎಂದ ಬಂದವನು. "ಏನ್ ಪುಟ್ಟಿ, ಅಪ್ಪನ ಸಾಮಾನಿಗೆಲ್ಲ ನಾಮಕರಣ ಮುಗೀತಾ?"

ಅವನ ಅಂಗಿಯ ಗುಂಡಿಯ ಸಂದಿನಲ್ಲಿ ಹಿತ್ತಾಳೆಯ ಬೆರಳುಗಳು ಮಿನುಗುತ್ತಿದ್ದವು. ಎದೆಯ ಮೇಲೆ ಇನ್ನೊಂದು ಪುಟ್ಟ ಕೈ.

"ಒಂದು ನಿಮಿಷ ಅದನ್ನ ಕೊಡಿ," ಮೇಡಂ ಅಂಗೈ ಚಾಚಿದರು.

"ಇದನ್ನಾ? ಎಷ್ಟು ಸಲ ನೋಡ್ತೀರಿ?" ಎಂದರೂ ತೆಗೆದುಕೊಟ್ಟ. ಮುಖದಲ್ಲಿ ನಗು ಹಾಗೇ ಇತ್ತು.

ಮೇಡಂ ಅದನ್ನು ಕಾಲಿಪರಿನ ಬಾಯಿಗೆ ಹಿಡಿದರು. ಹೆಬ್ಬೆರಳು ಒಂದು ಕಾಲಿಗೆ ತಾಗಿತು. ಕಿರುಬೆರಳು ಇನ್ನೊಂದು ಕಾಲಿಗೆ ಕಟ್ ಎಂದು ಬಡಿದು ಅಲ್ಲೇ ನಿಂತಿತು. ಒಳಗೆ ಹೋಗಲಿಲ್ಲ. ಮೇಡಂ ಮತ್ತೊಮ್ಮೆ ಹಿಡಿದರು, ಮತ್ತೊಮ್ಮೆ ಕಟ್ ಎಂದಿತು.

"ಮುಕ್ಕಾಲು ನೂಲು ಜಾಸ್ತಿ," ಎಂದರು. "ಎರಕದ್ದಾಗಿದ್ರೆ ಕುಗ್ಗಿರ್ಬೇಕಿತ್ತು. ಇದು ಕುಗ್ಗಿಲ್ಲ. ಯಾರೋ ಮರದ ಕೈ ಸುತ್ತ ಕಾಗದದ ಮೇಲೆ ಗೆರೆ ಎಳೆದು, ಆ ಗೆರೆಗೆ ಸರಿಯಾಗಿ ಹಿತ್ತಾಳೆ ಹಲಗೆ ಕತ್ತರಿಸಿ, ಅರದಲ್ಲಿ ಉಜ್ಜಿದಾರೆ. ಮರಕ್ಕೆ ಸರಿಯಾಗಿ ಕೂತಿದ್ದೇ ಇದರ ತಪ್ಪು. ಯಾರ ಮಗನಪ್ಪ ನೀನು?"

ಬಂದವನ ನಗು ಇಳಿಯಿತು. ಅವನು ಓಡುತ್ತಾನೆ, ಇಲ್ಲವೇ ಮೈಮೇಲೆ ಬೀಳುತ್ತಾನೆ ಎಂದು ಪುಟ್ಟಿ ಬೆಂಚಿನ ಮೇಲಿದ್ದ ಬೆಣೆಯನ್ನು ಕೈಗೆತ್ತಿಕೊಂಡಳು. ಅವನು ಎರಡನ್ನೂ ಮಾಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಮುಖ ಒರೆಸಿಕೊಂಡ.

"ನಾನು ನಾಟಕದೋನು ಮೇಡಂ. ಪಾತ್ರ ಮಾಡು ಅಂದ್ರು, ಮಾಡ್ದೆ. ನಾಳೆ ಬಸ್ಸು ಹತ್ತಿಸಿದ್ರೆ ನನ್ನ ಕೆಲಸ ಮುಗೀತಿತ್ತು. ಆ ಯಜಮಾನರ ಸಾವು ನನ್ನ ತಲೆಗೆ ಕಟ್ಬೇಡಿ, ದಮ್ಮಯ್ಯ."

"ಪಾತ್ರ ಮಾಡು ಅಂದಿದ್ದು ಯಾರು?" ಪುಟ್ಟಿ ಕೂಗಿಯೇಬಿಟ್ಟಳು. "ಈ ಗೇಣು ಕೊಟ್ಟಿದ್ದು ಯಾರು?"

ಅವನು ಬಾಗಿಲಿನ ಕಡೆ ನೋಡಿದ.

ಅಲ್ಲಿ ದೊಡ್ಡಮ್ಮ ನಿಂತಿದ್ದಳು. ಕೈಯಲ್ಲಿ ಟೀ ಲೋಟಗಳ ತಟ್ಟೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಟೀ ಮೇಲೆ ಕೆನೆ ಕಟ್ಟಿತ್ತು.

"ನಾನು ಕೊಟ್ಟಿದ್ದು," ಎಂದಳು.

ಅವಳು ಒಳಗೆ ಬಂದು ತಟ್ಟೆಯನ್ನು ಬೆಂಚಿನ ಮೇಲೆ ಇಳಿಸಿದಳು. ಒಂದು ಹನಿಯೂ ತುಳುಕಲಿಲ್ಲ. ಸೊಂಟದ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಇನ್ನೊಂದು ಹಿತ್ತಾಳೆ ಕೈ. ಕರ್ರಗೆ ಸುಟ್ಟಿತ್ತು. ನಾಲ್ಕು ಬೆರಳು ನೆಟ್ಟಗಿದ್ದವು. ಕಿರುಬೆರಳು ಕರಗಿ ಗಟ್ಟಿಯಾದ ಒಂದು ಹನಿಯಾಗಿತ್ತು.

"ಐದು ತಿಂಗಳ ಹಿಂದೆ ಅಲ್ಲಿ ಸಿಕ್ತು," ದೊಡ್ಡಮ್ಮ ಮೂಲೆಗೆ ಕೈ ತೋರಿಸಿದಳು. ದೊಡ್ಡಪ್ಪ ಸಣ್ಣಪುಟ್ಟ ಎರಕಕ್ಕೆ ಇಟ್ಟುಕೊಂಡಿದ್ದ, ಹನ್ನೆರಡು ವರ್ಷದಿಂದ ಉರಿಯದ ಕುಲುಮೆ ಅಲ್ಲಿ ಬಾಯಿ ಕಳೆದುಕೊಂಡು ಕೂತಿತ್ತು. "ಇಲಿ ಸತ್ತ ವಾಸನೆ ಅಂತ ಅಡಿ ಬೂದಿ ಕೆದಕಿದೆ. ನನ್ನ ಮಗ ಇಪ್ಪತ್ತಾರು ವರ್ಷ ಇಲ್ಲೇ ಇದ್ದ ಪುಟ್ಟಿ. ನಾನು ಗೇಟಿನ ಹತ್ರ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೆ."

ಪುಟ್ಟಿ ಕೈಯಲ್ಲಿದ್ದ ಬೆಣೆಯನ್ನು ಬೆಂಚಿನ ಮೇಲಿಟ್ಟಳು. ದೊಡ್ಡಮ್ಮ ಮುಂದುವರಿಸಿದಳು.

"ಈ ಕುಲುಮೆಗೆ ಬೆಂಕಿ ಹಾಕ್ತಿದ್ದೋರು ಒಬ್ಬರೇ. ಮುಖದ ಮೇಲೇ ಕೇಳಿದ್ರೆ ಇಲ್ಲ ಅಂತಾರೆ. ಅದಕ್ಕೆ ಇವನನ್ನ ಕರೆಸಿದೆ. ಮಗ ಬಂದ ಅಂದಾಗ ಅಪ್ಪನಾದೋನು ತಬ್ಕೋಬೇಕು. ತಬ್ಕೊಂಡಿದ್ರೆ ನಾನು ಅವರ ಕಾಲಿಗೆ ಬೀಳ್ತಿದ್ದೆ. ಮಗ ಸತ್ತಿದಾನೆ ಅಂತ ಗೊತ್ತಿರೋನು ಮಾತ್ರ ಹಾಗೆ ಕಲ್ಲಾಗಿ ಕೂರೋಕೆ ಸಾಧ್ಯ. ಅವರು ತಬ್ಕೊಳ್ಳಿಲ್ಲ. ನೀನೂ ನೋಡಿದೀಯ."

"ದೊಡ್ಡಮ್ಮ, ಅವತ್ತು..."

"ಅವತ್ತು ಅಟ್ಟದಿಂದ ಏನೋ ತೆಗೀಬೇಕು, ಏಣಿ ಹಿಡ್ಕೋ ಅಂದ್ರು. ಹಿಡ್ಕೊಂಡೆ. ಕೊನೇ ಮೆಟ್ಟಿಲು ಹತ್ತೋ ತನಕ ಹಿಡ್ಕೊಂಡೇ ಇದ್ದೆ." ಅವಳು ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡಳು. "ಆಮೇಲೆ ಬಿಟ್ಟೆ."

ಮಾಡು ಟಿಕ್ ಎಂದಿತು. ಬಂದವನು ಸ್ಟೂಲಿನಿಂದ ಎದ್ದು ಗೋಡೆಗೆ ಆತುಕೊಂಡ.

ದೊಡ್ಡಮ್ಮನ ದೃಷ್ಟಿ ಈಗ ಕಾಲಿಪರಿನ ಮೇಲೆ ನಿಂತಿತ್ತು. "ಬಾಗಿಲ ಹಿಂದೆ ಎಲ್ಲ ಕೇಳಿಸ್ತು. ಕುಗ್ಗತ್ತೆ ಅಂದ್ರಲ್ಲ. ಹಾಗಾದ್ರೆ ಅವರು ಅವತ್ತು ಸುಮ್ಮನಾಗಿದ್ದು... ಅಳತೆ ನೋಡಿಯಾ? ಸುಳ್ಳು ಅಂತ ಗೊತ್ತಾಗಿದ್ರೆ ಬಾಯಿ ಬಿಟ್ಟು ಹೇಳ್ಬೋದಿತ್ತಲ್ಲ? ಯಾಕೆ ಹೇಳ್ಲಿಲ್ಲ?"

ಆ ಪ್ರಶ್ನೆಗೆ ಉತ್ತರ ಈ ಜಗತ್ತಿನಲ್ಲಿ ಒಬ್ಬಳ ಹತ್ತಿರ ಮಾತ್ರ ಇತ್ತು. ಬಂದವನು ಬಂದ ದಿನ ಸಂಜೆ ದೊಡ್ಡಪ್ಪ ಇದೇ ಬೆಂಚಿನ ಮುಂದೆ ಕೂತು, ಪುಟ್ಟಿ ಕೇಳದಿದ್ದರೂ ಹೇಳಿದ ಮಾತು ಅದು. ನುಂಗಿಬಿಡೋಣ ಎಂದುಕೊಂಡಳು. ನುಂಗಲು ಆಗಲಿಲ್ಲ.

"'ಇಪ್ಪತ್ತಾರು ವರ್ಷ ಆದ್ಮೇಲೆ ನಿಮ್ಮ ದೊಡ್ಡಮ್ಮ ನಕ್ಕಳು, ನೋಡಿದ್ಯಾ ಪುಟ್ಟಿ,' ಅಂದ್ರು. ಅಷ್ಟೇ ಅಂದಿದ್ದು."

ದೊಡ್ಡಮ್ಮ ನಿಂತಲ್ಲೇ ಕುಸಿದು ಕೂತಳು. ಪುಟ್ಟಿ ಓಡಿ ಹೋಗಿ ತಬ್ಬಿಕೊಂಡಳು. ತಬ್ಬಿಕೊಂಡ ಮೈ ದೊಡ್ಡಪ್ಪನನ್ನು ಕೊಂದವಳದು ಎಂಬುದು ಗೊತ್ತಿದ್ದೂ ಕೈ ಸಡಿಲಲಿಲ್ಲ. ಇಷ್ಟು ದಿನ ಯಾರಿಂದ ಇವಳನ್ನು ಕಾಪಾಡಬೇಕು ಎಂದು ತಲೆ ಕೆಡಿಸಿಕೊಂಡಿದ್ದೆ, ಈಗ ಯಾರಿಂದ ಕಾಪಾಡಲಿ ಎಂದು ಬಿಕ್ಕಿ ಬಿಕ್ಕಿ ಅತ್ತಳು.

"ಆದ್ರೂ ಮಗನನ್ನ ಸುಟ್ಟಿದ್ದು ಅವರೇ ಅಲ್ವಾ?" ದೊಡ್ಡಮ್ಮ ಅವಳ ಭುಜದಲ್ಲಿ ಮುಖ ಹುದುಗಿಸಿ ಗೊಣಗುತ್ತಿದ್ದಳು. "ಅದೊಂದು ನಿಜ ತಾನೆ? ಅದು ನಿಜ ಆಗಿದ್ರೆ ಸಾಕು. ಹೇಳಿ ಮೇಡಂ."

ಗುಲಗಂಜಿ ಮೇಡಂ ಸುಟ್ಟ ಹಿತ್ತಾಳೆ ಕೈಯನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಿದ್ದರು. ಕಿರುಬೆರಳಿಲ್ಲದ್ದನ್ನು ಕಾಲಿಪರಿಗೆ ಹಿಡಿಯುವಂತಿರಲಿಲ್ಲ. ಮರದ ಕೈಯನ್ನು ಹತ್ತಿರಕ್ಕೆಳೆದು, ಅದರ ಮೇಲೆ ಇದನ್ನು ಮೆಲ್ಲಗೆ ಇಳಿಸಿ, ಮಣಿಕಟ್ಟಿಗೆ ಮಣಿಕಟ್ಟು ಸಮ ಮಾಡಿದರು. ಕನ್ನಡಕ ಸರಿಮಾಡಿಕೊಂಡು ಬಾಗಿದರು.

"ಪುಟ್ಟಿ, ಇಲ್ಲಿ ಬಾ. ನಿನ್ನ ಕಣ್ಣು ನನಗಿಂತ ಚುರುಕು."

ಪುಟ್ಟಿ ಕಣ್ಣೊರೆಸಿಕೊಂಡು ಬಂದು ನೋಡಿದಳು. ನಿಜವಾದ ಎರಕವಾಗಿದ್ದರೆ ಬೆರಳುಗಳ ಸುತ್ತ ಮರದ ಸಣ್ಣ ಅಂಚು ಕಾಣಬೇಕಿತ್ತು. ಹೆಬ್ಬೆರಳಿನ ತುದಿಯಲ್ಲಿ ಹುಡುಕಿದಳು. ತೋರುಬೆರಳಲ್ಲಿ, ನಡುಬೆರಳಲ್ಲಿ, ಉಂಗುರದ ಬೆರಳಲ್ಲಿ ಹುಡುಕಿದಳು. ಉಗುರು ಹಾಕಿ ಸವರಿದಳು. ನಾಲ್ಕು ಬೆರಳೂ ಮರಕ್ಕೆ ಸರಿಸಮವಾಗಿ ಕೂತಿದ್ದವು, ಅಂಚು ಎಲ್ಲಿಯೂ ಇರಲಿಲ್ಲ. ಇದನ್ನೂ ಯಾರೋ ಮರದ ಕೈಯ ಗೆರೆಗೆ ಕತ್ತರಿಸಿ, ಸುಟ್ಟು, ಬೂದಿಯೊಳಗೆ ಹೂತಿಟ್ಟಿದ್ದರು.

ಅವಳು ಬಂದವನ ಕಡೆ ನೋಡಿದಳು. ಅವನು ನಾನಲ್ಲ ಎನ್ನುವ ಹಾಗೆ ಗಾಬರಿಯಿಂದ ತಲೆ ಅಲ್ಲಾಡಿಸುತ್ತಿದ್ದ. ದೊಡ್ಡಮ್ಮ ನೆಲದಿಂದ ಮುಖ ಎತ್ತಿ ಇಬ್ಬರ ಮುಖವನ್ನೂ ಹುಡುಕುತ್ತಿದ್ದಳು.

"ಏನು? ಏನಾಯ್ತು? ಹೇಳ್ಬಾರ್ದಾ?"

ಬೆಂಚಿನ ತುದಿಯಲ್ಲಿ ಕಾಲಿಪರ್ ಆರೂವರೆ ಇಂಚು ಬಾಯಿ ತೆರೆದುಕೊಂಡು ಹಾಗೇ ಕೂತಿತ್ತು.

"ಇದೂ ಕುಗ್ಗಿಲ್ಲ ದೊಡ್ಡಮ್ಮ," ಎಂದಳು ಪುಟ್ಟಿ.